ಆಡೋಕಲ್ಲ, ಇಡೋಕೆ

ನಮ್ಮ ಮನೆಯ ಬಟ್ಟೆ ಇಡುವ ಕ್ಲಾಸೆಟ್‌ನಲ್ಲಿ ಒಂದು ಕಾಲಕ್ಕೆ 58 ಲೆಗೋ ಡಬ್ಬಗಳಿದ್ದವು. ಒಂದರ ಸೀಲನ್ನೂ ಒಡೆದಿರಲಿಲ್ಲ. ಅದೇ ಮನೆಯಲ್ಲಿ ಆಡುವ ವಯಸ್ಸಿನ ಮಗಳೊಬ್ಬಳಿದ್ದಳು.

ಈ ಮೂರು ವಾಕ್ಯ ಒಟ್ಟಿಗೆ ಓದಿದಾಗ ನಿಮಗೆ ಏನನ್ನಿಸಿತೋ ನಮ್ಮಪ್ಪನಿಗೂ ಅದೇ ಅನ್ನಿಸಿತ್ತು. ಬಾಯಿಬಿಟ್ಟು ಹೇಳೋಕೆ ಮಾತ್ರ ಅವರು ಒಂದು ತಿಂಗಳು ತಗೊಂಡರು.

ಮೊದಲಿಂದ ಹೇಳ್ತೀನಿ. ನಾನು ತಿಪಟೂರು ತಾಲ್ಲೂಕಿನವನು. ಬಿ.ಇ. ಮುಗಿಸಿ, ಬೆಂಗಳೂರಲ್ಲಿ ಐದು ವರ್ಷ ಕೋಡ್ ಬರೆದು, 2014ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ಗೆ ಬಂದೆ. ಬಾಲ್ಯದಲ್ಲಿ ಲೆಗೋ ಅನ್ನೋ ಪದವನ್ನೇ ಕೇಳಿದವನಲ್ಲ. ನಮ್ಮ ಆಟದ ಸಾಮಾನು ಅಂದರೆ ಹಳೇ ಸೈಕಲ್ ಟೈರು, ತೆಂಗಿನ ಗರಿ ಗಾಡಿ, ಜಾತ್ರೆಯಲ್ಲಿ ಕೊಡಿಸಿದರೆ ಒಂದು ಪೀಪಿ. ಆಫೀಸಿನಲ್ಲಿ ಪಕ್ಕದ ಸೀಟಿನ ಅಮೆರಿಕನ್ ಒಬ್ಬ ಮೇಜಿನ ಕೆಳಗೆ ದೊಡ್ಡದೊಂದು ಡಬ್ಬ ಇಟ್ಟುಕೊಂಡಿದ್ದ. ಮಗನಿಗಾ ಅಂತ ಕೇಳಿದೆ. ‘ಅಲ್ಲ, ನನ್ನ ರಿಟೈರ್‌ಮೆಂಟಿಗೆ’ ಅಂದ. ತಮಾಷೆ ಅಂದುಕೊಂಡು ನಕ್ಕೆ. ಅವನು ನಗಲಿಲ್ಲ.

ಅವನು ವಿವರಿಸಿದ ಲೆಕ್ಕ ಇಷ್ಟು. ಲೆಗೋ ಕಂಪನಿ ಯಾವ ಸೆಟ್ಟನ್ನೂ ಕಾಯಂ ಆಗಿ ತಯಾರಿಸುವುದಿಲ್ಲ. ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಅಂಗಡಿಯಲ್ಲಿರುತ್ತದೆ, ಆಮೇಲೆ ನಿಲ್ಲಿಸುತ್ತಾರೆ. ಈ ದಂಧೆಯವರ ಭಾಷೆಯಲ್ಲಿ ಅದಕ್ಕೆ ‘ರಿಟೈರ್’ ಆಗುವುದು ಅನ್ನುತ್ತಾರೆ, ಇಲ್ಲವೇ ‘ಎಂಡ್ ಆಫ್ ಲೈಫ್’. ಸಾಫ್ಟ್‌ವೇರಿನವರಿಗೆ ಈ ಪದ ಹೊಸದಲ್ಲ. ನಮ್ಮಲ್ಲಿ ಎಂಡ್ ಆಫ್ ಲೈಫ್ ಆದ ಸಾಮಾನಿನ ಬೆಲೆ ಸೊನ್ನೆ, ಅದನ್ನು ಮುಟ್ಟಿದವನಿಗೆ ತಲೆನೋವು. ಲೆಗೋದಲ್ಲಿ ಉಲ್ಟಾ. ಅಲ್ಲಿಂದಲೇ ಬೆಲೆ ಶುರು.

2007ರಲ್ಲಿ ‘ಕೆಫೆ ಕಾರ್ನರ್’ ಅಂತ ಒಂದು ಸೆಟ್ ಬಂತು. ಬೀದಿ ಮೂಲೆಯ ಮೂರಂತಸ್ತಿನ ಹೋಟೆಲು, 2,056 ತುಣುಕು, ಬೆಲೆ 139.99 ಡಾಲರ್. ನಿಂತು ಕೆಲವು ವರ್ಷಕ್ಕೆ ಸೀಲ್ ಒಡೆಯದ ಡಬ್ಬ ಸಾವಿರ ಡಾಲರ್ ದಾಟಿತು. ಅದೇ ವರ್ಷ ಬಂದ ಸ್ಟಾರ್ ವಾರ್ಸ್‌ನ ದೊಡ್ಡ ‘ಮಿಲೇನಿಯಂ ಫಾಲ್ಕನ್’ ನೌಕೆಗೆ 499.99 ಡಾಲರ್. ಅದು ನಿಂತ ಮೇಲೆ ಜನ ಸಾವಿರಗಟ್ಟಲೆ ಡಾಲರ್ ಕೊಟ್ಟು ಕೊಂಡರು. 2015ರ ಕೊನೆಗೆ ಬ್ರಿಟನ್ನಿನ ಪತ್ರಿಕೆಯೊಂದು ಚಿನ್ನಕ್ಕಿಂತ ಲೆಗೋ ಲಾಭ ಅಂತ ಬರೆಯಿತು. ಚಿನ್ನಕ್ಕಿಂತ ಅಂದ ಮೇಲೆ ನಮ್ಮ ಕಡೆಯವರ ಕಿವಿ ನೆಟ್ಟಗಾಗದೆ ಇರುತ್ತಾ?

ನಿಜ ಹೇಳಬೇಕಂದರೆ, ಈ ವ್ಯವಹಾರ ನನಗೆ ಅರ್ಥ ಆಗೋಕೆ ಯಾವ ಪತ್ರಿಕೆಯೂ ಬೇಕಿರಲಿಲ್ಲ. ನಾನು ಹುಟ್ಟಿದ್ದೇ ಅಟ್ಟದ ಕೆಳಗೆ.

ತಿಪಟೂರು, ಅರಸೀಕೆರೆ ಕಡೆಯವರಿಗೆ ಅಟ್ಟ ಅಂದರೆ ಬ್ಯಾಂಕು. ಬಲಿತ ತೆಂಗಿನಕಾಯಿ ಕೆಡವಿ, ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸುತ್ತಾರೆ. ಕೆಳಗೆ ಒಲೆಯ ಹೊಗೆ, ಮೇಲೆ ಹಂಚಿನ ಬಿಸಿ. ಹತ್ತು ಹನ್ನೆರಡು ತಿಂಗಳು ಅದನ್ನು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ಇಂಗುತ್ತದೆ, ಕಾಯಿ ಒಣಗಿ ಚಿಪ್ಪು ಬಿಡುತ್ತದೆ. ಆಮೇಲೆ ಸುಲಿದು ಚಿಪ್ಪು ಒಡೆದರೆ ಉಂಡೆ ಕೊಬ್ಬರಿ, ನಾವು ಗಿಟುಕು ಅನ್ನೋದು. ಮೂಟೆ ಕಟ್ಟಿ ಮಂಡಿಗೆ ಹಾಕಬೇಕು. ಯಾವಾಗ ಹಾಕಬೇಕು ಅನ್ನೋದೇ ಎಲ್ಲರ ಮನೆಯ ಜಗಳ. ‘ಇವತ್ತಿನ ರೇಟು ಎಷ್ಟಂತೆ?’ ಅನ್ನೋದು ನಮ್ಮೂರಿನಲ್ಲಿ ‘ಊಟ ಆಯ್ತಾ?’ ಇದ್ದ ಹಾಗೆ.

ಹಾಗಾಗಿ ಕೊಂಡು ಇಡು, ಮುಟ್ಟಬೇಡ, ಕಾಯಿ, ರೇಟು ಬಂದಾಗ ಮಾರು ಅನ್ನೋ ಬುದ್ಧಿ ನನಗೆ ರಕ್ತದಲ್ಲೇ ಇತ್ತು. 2016ರಲ್ಲಿ ಶುರು ಮಾಡಿದೆ.

ಎಂಜಿನಿಯರ್ ಅಲ್ವಾ, ಮೊದಲು ಒಂದು ಎಕ್ಸೆಲ್ ಶೀಟು. ಸೆಟ್ಟಿನ ನಂಬರು, ಬಂದ ವರ್ಷ, ಕೊಂಡ ಬೆಲೆ, ನಿಲ್ಲಬಹುದಾದ ತಿಂಗಳು. ನಿಯಮಗಳು: ಪೂರ್ತಿ ಬೆಲೆ ಕೊಡಬಾರದು, ಶೇಕಡಾ 20 ಆದರೂ ಇಳಿದಿರಬೇಕು. ಯಾವುದೂ ಎರಡಕ್ಕಿಂತ ಹೆಚ್ಚು ಬೇಡ. ಡಬ್ಬದ ಮೂಲೆ ಜಜ್ಜಿರಬಾರದು, ಯಾಕಂದರೆ ಕೊಳ್ಳುವವನು ಒಳಗಿನ ಸಾಮಾನಿಗೆ ಎಷ್ಟು ಕೊಡ್ತಾನೋ ಹೊರಗಿನ ರಟ್ಟಿಗೂ ಅಷ್ಟೇ ಮರ್ಯಾದೆ ಕೊಡ್ತಾನೆ. ಬಿಸಿಲು ತಾಗಿದರೆ ಬಣ್ಣ ಮಾಸುತ್ತದೆ, ಶೀತ ತಾಗಿದರೆ ರಟ್ಟು ಉಬ್ಬುತ್ತದೆ, ಒಂದರ ಮೇಲೊಂದು ಹೆಚ್ಚು ಪೇರಿಸಿದರೆ ಕೆಳಗಿನದು ಕುಸಿಯುತ್ತದೆ. ನಮ್ಮ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಬಿಸಿಲು, ಶೀತ ಎರಡೂ ಇಲ್ಲದ ಜಾಗ ಅಂದರೆ ಕ್ಲಾಸೆಟ್. ನಮ್ಮ ಬಟ್ಟೆ ಸೂಟ್‌ಕೇಸಿಗೆ ಹೋಯಿತು, ಲೆಗೋ ಕ್ಲಾಸೆಟ್ಟಿಗೆ ಬಂತು.

ಇನ್ನೊಂದು ತೊಡಕಿತ್ತು. ಎಚ್-1ಬಿ ವೀಸಾದಲ್ಲಿರುವವರು ತಮ್ಮ ಕಂಪನಿಯ ಕೆಲಸ ಬಿಟ್ಟು ಬೇರೆ ದುಡಿಮೆ ಮಾಡುವ ಹಾಗಿಲ್ಲ. ಷೇರು ಕೊಂಡಿಟ್ಟುಕೊಳ್ಳಬಹುದು, ಅಂಗಡಿ ಇಡುವಂತಿಲ್ಲ. ಹೆಂಡತಿಗೆ ಕೆಲಸದ ಪರವಾನಗಿ ಇತ್ತು. ಹಾಗಾಗಿ ಮಾರುವ ಖಾತೆ ಅವಳ ಹೆಸರಿಗೆ. ‘ಲಾಭ ಬಂದ್ರೆ ನಿಮ್ಮ ತಲೆ, ಟ್ಯಾಕ್ಸ್ ಬಂದ್ರೆ ನನ್ನ ತಲೆಯೇನ್ರೀ?’ ಅಂತ ಅವಳು ಆಗಾಗ ಕೇಳೋಳು.

ಒಂದು ಸಂಜೆಯ ವಿಷಯ ಇಲ್ಲಿ ಹೇಳಲೇಬೇಕು. ಡಿಸೆಂಬರ್, ಕ್ರಿಸ್‌ಮಸ್‌ಗೆ ನಾಲ್ಕು ದಿನ. ಅಂಗಡಿಯೊಂದರ ಆಟಿಕೆ ಸಾಲಿನಲ್ಲಿ ನಿಲ್ಲಲಿರುವ ಒಂದು ಸೆಟ್ಟಿನ ಕೊನೆಯ ಎರಡು ಡಬ್ಬ ಸಿಕ್ಕವು. ಗಾಡಿಗೆ ಹಾಕಿಕೊಂಡೆ. ಏಳೆಂಟು ವರ್ಷದ ಒಬ್ಬ ಹುಡುಗ ಅಜ್ಜಿಯ ಕೈ ಎಳೆದುಕೊಂಡು ಬಂದ. ಖಾಲಿಯಾದ ಜಾಗ ನೋಡಿದ, ಬೆಲೆಯ ಚೀಟಿ ನೋಡಿದ, ಆಮೇಲೆ ನನ್ನ ಗಾಡಿ ನೋಡಿದ. ಏನೂ ಕೇಳಲಿಲ್ಲ. ಅಜ್ಜಿ ನನಗೆ ‘ನಿಮ್ಮ ಮಕ್ಕಳು ಅದೃಷ್ಟವಂತರು’ ಅಂದರು. ನಾನು ಥ್ಯಾಂಕ್ಸ್ ಅಂದೆ. ಒಂದನ್ನು ಅಲ್ಲೇ ಕೊಟ್ಟುಬಿಡಬಹುದಿತ್ತು. ಎಕ್ಸೆಲ್ ಶೀಟಿನಲ್ಲಿ ಎರಡು ಅಂತ ಬರೆದಾಗಿತ್ತು. ಪಾರ್ಕಿಂಗ್ ಲಾಟಿನವರೆಗೂ ಬೆನ್ನಲ್ಲಿ ಏನೋ ಚುಚ್ಚಿದ ಹಾಗೆ ಇತ್ತು. ಕಾರು ಸ್ಟಾರ್ಟ್ ಮಾಡಿದ ಮೇಲೆ ಮರೆತೆ. ಮರೆತೆ ಅಂದುಕೊಂಡೆ.

2019ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದರು. ಬಂದ ಎರಡನೇ ದಿನ ಪಂಚೆ ಇಡೋಕೆ ಅಂತ ಕ್ಲಾಸೆಟ್ ಬಾಗಿಲು ತೆಗೆದ ಅಪ್ಪ ಹಾಗೇ ನಿಂತರು. ಆಗ ನಲವತ್ತರ ಆಸುಪಾಸು ಡಬ್ಬಗಳಿದ್ದವು.

‘ಏನ್ಲಾ ಇದು?’

‘ಆಟದ ಸಾಮಾನು ಅಪ್ಪ.’

‘ಇಷ್ಟೊಂದಾ? ಪುಟ್ಟಿ ಒಬ್ಳಿಗೇ?’

‘ಅವಳಿಗಲ್ಲ. ಇದು ಆಡೋಕಲ್ಲ, ಇಡೋಕೆ. ನಾಲ್ಕೈದು ವರ್ಷ ಬಿಟ್ರೆ ಡಬಲ್ ರೇಟು.’

ಅಪ್ಪ ಒಂದು ಡಬ್ಬ ಕೈಗೆತ್ತಿಕೊಂಡರು. ತೂಕ ನೋಡಿದರು. ಆಮೇಲೆ, ನಾನು ಜನ್ಮದಲ್ಲಿ ಮರೆಯದ ಹಾಗೆ, ಅದನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರು. ಕಾಯಿ ಕೊಬ್ಬರಿ ಆಗಿದೆಯೋ ಇಲ್ಲವೋ ಅಂತ ಅಟ್ಟದ ಮೇಲೆ ಕೂತು ನೋಡುವುದು ಹಾಗೇ. ಒಳಗೆ ಗಿಟುಕು ಚಿಪ್ಪು ಬಿಟ್ಟು ಲೊಡಲೊಡ ಅಂದರೆ ಆಯಿತು ಅಂತ ಅರ್ಥ. ಲೆಗೋ ಡಬ್ಬವೂ ಒಳಗೆ ಲೊಡಲೊಡ ಅಂದಿತು.

‘ಒಣಗೈತೆ ಕಣೋ. ಮಾರ್ಬುಡು,’ ಅಂದರು ಅಪ್ಪ.

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಅಪ್ಪನೂ ನಕ್ಕರು. ಆದರೆ ಆವತ್ತಿಂದ ಅವರು ಮೊಮ್ಮಗಳನ್ನು ಗಮನಿಸೋಕೆ ಶುರು ಮಾಡಿದರು ಅಂತ ಈಗ ಅನ್ನಿಸುತ್ತೆ. ನಾನೇನು ಅಷ್ಟು ಕಟುಕನಲ್ಲ, ಅವಳಿಗೆ ಅಂತ ಬೇರೆ ಒಂದು ಬಕೆಟ್ ತುಂಬ ಬಿಡಿ ಇಟ್ಟಿಗೆ ಕೊಡಿಸಿದ್ದೆ. ಅವಳು ದಿನಾ ಆ ಬಕೆಟ್ ಎಳೆದುಕೊಂಡು ಹೋಗಿ ಕ್ಲಾಸೆಟ್ ಬಾಗಿಲ ಎದುರೇ ಕೂತು ಆಡೋಳು. ಡಬ್ಬದ ಮೇಲಿನ ಚಿತ್ರ ನೋಡಿಕೊಂಡು, ತನ್ನ ಹತ್ತಿರ ಇರೋ ಕೆಂಪು ಹಳದಿ ಇಟ್ಟಿಗೆಯಲ್ಲೇ ಅದರ ಹಾಗೆ ಏನೋ ಕಟ್ಟೋಳು. ಒಂದು ದಿನ ಪಕ್ಕದ ಮನೆ ಹುಡುಗಿ ಬಂದಳು, ಕ್ಲಾಸೆಟ್ ನೋಡಿ ಬಾಯಿ ಬಿಟ್ಟಳು. ನಮ್ಮ ನಾಲ್ಕು ವರ್ಷದವಳು ದೊಡ್ಡವರ ಹಾಗೆ ಕೈ ಅಡ್ಡ ಹಿಡಿದು ಇಂಗ್ಲಿಷಿನಲ್ಲಿ ಹೇಳಿದ್ದು, ಕನ್ನಡದಲ್ಲಿ ಹೀಗಾಗುತ್ತೆ: ‘ನಮ್ಮನೇಲಿ ತುಂಬಾ ಆಟದ ಸಾಮಾನು ಇದೆ. ಆದ್ರೆ ಅವು ಆಡೋಕಲ್ಲ.’

ಅಪ್ಪ ಸೋಫಾ ಮೇಲೆ ಕೂತಿದ್ದರು. ಇಂಗ್ಲಿಷ್ ಬರಲ್ಲ. ಕೈ ಅಡ್ಡ ಹಿಡಿದದ್ದು ಅರ್ಥ ಆಯಿತು.

ವಾಪಸ್ ಹೊರಡುವ ಹಿಂದಿನ ರಾತ್ರಿ ಮಾತು ತೆಗೆದರು. ‘ನೀನು ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ ಇದ್ದಾಗ ಅಟ್ಟ ಹತ್ತಿ ಒಂದು ಗಿಟುಕು ಕದ್ದು ಬೆಲ್ಲ ಕಚ್ಕೊಂಡು ತಿಂದಿದ್ದೆ, ಗ್ಯಾಪ್ನ ಐತಾ?’

ಇಲ್ಲದೆ ಏನು. ಹುಣಸೆ ಬರಲಲ್ಲಿ ಬಿದ್ದ ಏಟೂ ಜ್ಞಾಪಕ ಇದೆ. ಹತ್ತು ಸಾವಿರ ಕಾಯಿ ತಲೆ ಮೇಲಿದ್ದ ಮನೆಯಲ್ಲಿ ಅಮ್ಮ ಚಟ್ನಿಗೆ ಒಡೆದ ಕಾಯಿ, ಕೊಳೆತ ಅರ್ಧ ಕೆತ್ತಿ ಉಳಿದ ಕಾಯಿ ಹಾಕೋರು. ಒಳ್ಳೇದೆಲ್ಲ ಮಂಡಿಗೆ.

‘ಒಂದು ಗಿಟುಕು. ಏನು ಮಹಾ ಹೋಗ್ತಿತ್ತು? ಲೆಕ್ಕ ತಪ್ತದೆ ಅಂತ ಹೊಡೆದೆ,’ ಅಂದರು. ಆಮೇಲೆ, ‘ನಮಗೆ ಬೇರೆ ದಾರಿ ಇರ್ಲಿಲ್ಲ. ನಿನಗೆ ಸಂಬಳ ಬರ್ತದಲ್ಲಪ್ಪಾ.’

ಇಷ್ಟೇ ಹೇಳಿದ್ದು. ನಾನು ಅದಕ್ಕೆ ಉತ್ತರವಾಗಿ ವಿಮಾನದಲ್ಲಿ ಏನು ತಿನ್ನಬೇಕು, ಫಾರ್ಮಿನಲ್ಲಿ ಎಲ್ಲಿ ಸೈನ್ ಹಾಕಬೇಕು ಅಂತ ಹೇಳಿಕೊಟ್ಟೆ.

ಅಪ್ಪ ಹೋದ ಮೇಲೂ ಡಬ್ಬ ಸೇರುತ್ತಲೇ ಇದ್ದವು. ನಷ್ಟ ಆಗಬಹುದು ಅನ್ನೋದು ಗೊತ್ತಿರಲಿಲ್ಲ ಅಂತಲ್ಲ. ತಾಜ್ ಮಹಲಿನ ಕಥೆ ಕಣ್ಣೆದುರೇ ನಡೆದಿತ್ತು. 2008ರಲ್ಲಿ ಲೆಗೋ 5,922 ತುಣುಕಿನ ತಾಜ್ ಮಹಲ್ ತಂದಿತ್ತು, ಬೆಲೆ 299.99 ಡಾಲರ್. ಅದು ನಿಂತ ಮೇಲೆ ಸೀಲ್ ಆದ ಡಬ್ಬ ಎರಡು ಸಾವಿರ ಡಾಲರ್ ದಾಟಿತು. ನಮ್ಮ ದೇಶದ್ದು, ಇದು ಇಳಿಯೋ ಮಾತೇ ಇಲ್ಲ ಅಂತ ನಾನೂ ಒಂದಕ್ಕೆ ಕೈ ಹಾಕುವವನಿದ್ದೆ. ಹೆಂಡತಿ, ‘ಎರಡು ಸಾವಿರ ಡಾಲರ್‌ಗೆ ನಾವೇ ಆಗ್ರಾಕ್ಕೆ ಹೋಗಿ ಬರಬಹುದಲ್ರೀ’ ಅಂದಳು, ಬಿಟ್ಟೆ. 2017ರ ಕೊನೆಗೆ ಕಂಪನಿ ಅದೇ ತಾಜ್ ಮಹಲನ್ನು ಹೊಸ ನಂಬರು ಕೊಟ್ಟು ಮತ್ತೆ ಬಿಡುಗಡೆ ಮಾಡಿತು. 5,923 ತುಣುಕು, 369.99 ಡಾಲರ್. ಹಳೆಯದರ ಬೆಲೆ ದೊಪ್ಪನೆ ಬಿತ್ತು. ಅದೇ ವರ್ಷ 7,541 ತುಣುಕಿನ ಹೊಸ ಫಾಲ್ಕನ್ ಕೂಡ 799.99 ಡಾಲರಿಗೆ ಬಂತು, ಹಳೆಯ ಫಾಲ್ಕನ್ ಇಟ್ಟುಕೊಂಡವರ ಮುಖವೂ ಬಾಡಿತು. ತಪ್ಪು ಕಂಪನಿಯದ್ದಲ್ಲ, ಆಟಿಕೆ ಮಾಡುವವರು ಆಟಿಕೆ ಮಾಡಿದರು. ಮತ್ತೆ ಮಾಡಲ್ಲ ಅಂತ ಅವರು ಯಾರಿಗೂ ಭಾಷೆ ಕೊಟ್ಟಿರಲಿಲ್ಲ.

ಈ ವಿಷಯದ ಮೇಲೆ ನಿಜವಾದ ಅಧ್ಯಯನವೇ ಇದೆ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಇಬ್ಬರು ಸಂಶೋಧಕಿಯರು 1987ರಿಂದ 2015ರವರೆಗಿನ 2,322 ಸೆಟ್‌ಗಳ ಬೆಲೆ ತೆಗೆದುಕೊಂಡು ಲೆಕ್ಕ ಹಾಕಿದರು. ಸರಾಸರಿ ವರ್ಷಕ್ಕೆ ಶೇಕಡಾ 11ರಷ್ಟು ಏರಿಕೆ. ಎಲ್ಲರೂ ಈ 11ನ್ನು ಮಾತ್ರ ಹೇಳ್ತಾರೆ, ನಾನೂ ಎಲ್ಲರಿಗೂ ಅದನ್ನೇ ಹೇಳ್ಕೊಂಡು ತಿರುಗಾಡಿದ್ದೆ. ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲಿದೆ: ಒಂದೊಂದೇ ಸೆಟ್ ನೋಡಿದರೆ ವರ್ಷಕ್ಕೆ ಶೇಕಡಾ 50ರ ನಷ್ಟದಿಂದ 600ರ ಲಾಭದವರೆಗೆ ಹರಡಿಕೊಂಡಿದೆ. ಯಾವುದು ಯಾವುದಾಗುತ್ತೆ ಅಂತ ಡಬ್ಬದ ಮೇಲೆ ಬರೆದಿರೋದಿಲ್ಲ.

2023ರ ಶುರುವಿನಲ್ಲಿ ಕೆಲಸ ಹೋಯಿತು. ಆ ವರ್ಷ ಯಾರ್ಯಾರದ್ದೋ ಹೋಗಿದ್ದು ನಿಮಗೂ ಗೊತ್ತು, ವಿವರ ಬೇಡ. ಒಂದು ಹದಿನೈದು ನಿಮಿಷದ ವಿಡಿಯೋ ಕಾಲ್, ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ಲಾಕ್. ಎಚ್-1ಬಿಯವರಿಗೆ ಕೆಲಸದ ಕೊನೆಯ ದಿನದಿಂದ 60 ದಿನ ಗಡುವು. ಅಷ್ಟರೊಳಗೆ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ಬಾಡಿಗೆ, ಕಾರಿನ ಸಾಲ, ಊರಿನ ಮನೆಯ ಸಾಲ ಯಾವುದಕ್ಕೂ ಗಡುವಿನ ಪರಿಚಯ ಇಲ್ಲ.

ಆ ರಾತ್ರಿ ಕ್ಲಾಸೆಟ್ ಬಾಗಿಲು ತೆಗೆದು ನಿಂತೆ. ‘ಕಷ್ಟಕಾಲಕ್ಕೆ ಆಗುತ್ತೆ’ ಅಂತ ಏಳು ವರ್ಷ ಹೇಳಿಕೊಂಡು ಬಂದಿದ್ದೆ. ಕಷ್ಟಕಾಲ ಬಂದಿತ್ತು. ವಾಪಸ್ ಹೋಗಬೇಕಾಗಿ ಬಂದರೆ ಈ 58 ಡಬ್ಬವನ್ನು ವಿಮಾನದಲ್ಲಿ ಒಯ್ಯೋಕಂತೂ ಆಗಲ್ಲ. ಭಾರತಕ್ಕೆ ಕಳಿಸೋಣ ಅಂದರೆ ಅದೇ ಫೆಬ್ರವರಿಯ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ ಶೇಕಡಾ 60ರಿಂದ 70ಕ್ಕೆ ಏರಿತ್ತು. ಮಾರೋದೊಂದೇ ದಾರಿ.

ಮಾರೋಕೆ ಕೂತಾಗ ಗೊತ್ತಾಗಿದ್ದು, ಫೆಬ್ರವರಿ ಅಂದರೆ ಆಟಿಕೆ ಮಾರಾಟಕ್ಕೆ ಶೂನ್ಯಮಾಸ. ಜನ ಕೊಳ್ಳೋದು ನವೆಂಬರ್, ಡಿಸೆಂಬರ್‌ನಲ್ಲಿ. ಕ್ರಿಸ್‌ಮಸ್ ಸಾಲ ತೀರಿಸುತ್ತಾ ಇರೋ ಹೊತ್ತಿನಲ್ಲಿ ಯಾರು ಹಳೇ ಲೆಗೋಗೆ ಮುನ್ನೂರು ಡಾಲರ್ ಕೊಡ್ತಾರೆ? ಬೆಲೆ ಇಳಿಸಿದೆ. ಇನ್ನೂ ಇಳಿಸಿದೆ. ನನ್ನ ಹಾಗೇ ಕೆಲಸ ಕಳಕೊಂಡ ಇನ್ನೆಷ್ಟು ಜನ ತಮ್ಮ ಕ್ಲಾಸೆಟ್ ಖಾಲಿ ಮಾಡುತ್ತಿದ್ದರೋ, ದಿನಾ ಬೆಳಿಗ್ಗೆ ನೋಡಿದರೆ ಯಾರೋ ನನಗಿಂತ ಐದು ಡಾಲರ್ ಕಮ್ಮಿಗೆ ಹಾಕಿರೋರು. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಂಡಿಗೆ ಮೂಟೆ ತಂದ ಹಾಗೆ.

ಊರಿನಲ್ಲಿ ಆ ವರ್ಷ ಕೊಬ್ಬರಿಯ ಕಥೆಯೂ ಅದೇ ಆಗಿತ್ತು. ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಹೇಳಿತ್ತು. ಮಂಡಿಯಲ್ಲಿ ರೇಟು ಬೀಳುತ್ತಾ ಬೀಳುತ್ತಾ ಮಳೆಗಾಲ ಕಳೆಯೋ ಹೊತ್ತಿಗೆ 8 ಸಾವಿರದ ಆಸುಪಾಸಿಗೆ ಬಂತು. ಅಪ್ಪನಿಗೆ ನನ್ನ ಕೆಲಸ ಹೋಗಿದ್ದು ಹೇಳಿರಲಿಲ್ಲ. ಹೇಗೋ ಗೊತ್ತಾಗಿತ್ತು. ಅವರೂ ಕೇಳಲಿಲ್ಲ, ಒಂದು ಭಾನುವಾರ ಫೋನಿನಲ್ಲಿ, ‘ಒಂದು ಲೋಡು ಹಾಕ್ಬುಟ್ಟೆ ಕಣಪ್ಪಾ. ಇನ್ನೆಷ್ಟು ದಿನ ಅಂತ ಕಾಯೋದು. ಬೇಕಾದ್ರೆ ದುಡ್ಡು ಕಳಿಸ್ತೀನಿ’ ಅಂದರು. ಅಮೆರಿಕದಲ್ಲಿರೋ ಎಂಜಿನಿಯರ್ ಮಗನಿಗೆ ಬಿದ್ದ ರೇಟಿನಲ್ಲಿ ಕೊಬ್ಬರಿ ಮಾರಿ ದುಡ್ಡು ಕಳಿಸ್ತೀನಿ ಅಂತಿದ್ದಾರೆ. ಬೇಡ ಅಪ್ಪ, ನನ್ನ ಅಟ್ಟವೂ ಖಾಲಿ ಆಗ್ತಾ ಇದೆ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಕಾಯುವುದರಲ್ಲಿ ಲಾಭ ಇದೆ ಅನ್ನೋದು ಅರ್ಧ ಸತ್ಯ. ಕಾಯೋಕೆ ಶಕ್ತಿ ಇರೋನಿಗೆ ಮಾತ್ರ ಲಾಭ. ಅಟ್ಟ ತುಂಬಿದ್ದರೂ ಮನೆಯಲ್ಲಿ ಬೇರೆ ಕಾಸಿಲ್ಲದವನು ರೇಟು ಬರೋವರೆಗೆ ಕಾಯಲಾರ. ಅವನು ಮಾರೋದು ತನಗೆ ಬೇಕಾದ ದಿನ ಅಲ್ಲ, ಸಾಲಗಾರನಿಗೆ ಬೇಕಾದ ದಿನ. ಇದನ್ನು ನಾನು ಹುಟ್ಟಿದಾಗಿಂದ ನೋಡಿದ್ದೆ, ಎಕ್ಸೆಲ್ ಶೀಟಿನಲ್ಲಿ ಮಾತ್ರ ಅದಕ್ಕೊಂದು ಕಾಲಂ ಹಾಕಿರಲಿಲ್ಲ. 2025ರಲ್ಲಿ ತಿಪಟೂರು ಕೊಬ್ಬರಿ ಕ್ವಿಂಟಲಿಗೆ 25 ಸಾವಿರ ದಾಟಿತು. ಅಪ್ಪನ ಅಟ್ಟದಲ್ಲಿ ಆ ಹೊತ್ತಿಗೆ ಹಳೇ ದಾಸ್ತಾನು ಉಳಿದಿರಲಿಲ್ಲ.

51ನೇ ದಿನ ನನಗೆ ಕೆಲಸ ಸಿಕ್ಕಿತು, ಹೊಸ ಕಂಪನಿ ಅರ್ಜಿ ಹಾಕಿತು. ಅಷ್ಟರಲ್ಲಿ ಅರ್ಧಕ್ಕರ್ಧ ಡಬ್ಬ ಹೋಗಿತ್ತು. ಆಮೇಲೂ ನಿಲ್ಲಿಸಲಿಲ್ಲ, ವರ್ಷದ ಕೊನೆಯೊಳಗೆ 51 ಡಬ್ಬ ಮಾರಿದೆವು. ಈಗ ಲೆಕ್ಕ ಹೇಳ್ತೀನಿ, ಈ ದಾರಿ ಹಿಡಿಯೋ ಆಸೆ ಇರೋರು ಇಷ್ಟನ್ನಾದರೂ ಓದಿ.

ಮೊದಲು ಒಂದೇ ಡಬ್ಬದ್ದು. ‘ಡಿಟೆಕ್ಟಿವ್ಸ್ ಆಫೀಸ್’ ಅಂತ ಸೆಟ್ಟು, 2017ರಲ್ಲಿ 160 ಡಾಲರ್, ಮೇಲೆ ಇಲ್ಲಿನ ಮಾರಾಟ ತೆರಿಗೆ ಶೇಕಡಾ 7.5 ಸೇರಿ 172. 2023ರಲ್ಲಿ 290ಕ್ಕೆ ಮಾರಿದೆ. ಕೇಳೋಕೆ ಎಷ್ಟು ಚೆಂದ! ಆದರೆ ಮಾರುವ ಜಾಲತಾಣದ ಕಮಿಷನ್ ಸುಮಾರು ಶೇಕಡಾ 13, ಅಂದರೆ 38 ಡಾಲರ್. ಕೊರಿಯರ್, ರಟ್ಟಿನ ಪೆಟ್ಟಿಗೆ, ಬಬಲ್ ಹಾಳೆ ಎಲ್ಲ ಸೇರಿ 26. ಕೈಗೆ ಬಂದದ್ದು 226. ಆರು ವರ್ಷಕ್ಕೆ 54 ಡಾಲರ್ ಲಾಭ. ವರ್ಷಕ್ಕೆ ಶೇಕಡಾ 5ಕ್ಕೂ ಕಮ್ಮಿ.

ಒಟ್ಟು 51 ಡಬ್ಬಕ್ಕೆ ಹಾಕಿದ್ದು 8,300 ಡಾಲರ್. ಮಾರಿದ್ದು 14,200ಕ್ಕೆ. ಕಮಿಷನ್, ಕೊರಿಯರ್ ಕಳೆದು ಉಳಿದದ್ದು 10,954. ಸರಾಸರಿ ನಾಲ್ಕು ವರ್ಷ ಇಟ್ಟಿದ್ದಕ್ಕೆ ವರ್ಷಕ್ಕೆ ಸುಮಾರು ಶೇಕಡಾ 7, ಆದಾಯ ತೆರಿಗೆಗೆ ಮುಂಚೆ. ಅದೇ ದುಡ್ಡನ್ನು ಒಂದು ಸಾದಾ ಇಂಡೆಕ್ಸ್ ಫಂಡಿನಲ್ಲಿ ಹಾಕಿ ಮರೆತಿದ್ದರೆ ಇದಕ್ಕಿಂತ ಹೆಚ್ಚು ಬರೋದು, ಅದಕ್ಕೆ ಕ್ಲಾಸೆಟ್ಟೂ ಬೇಕಿರಲಿಲ್ಲ. ಇನ್ನು ನಮ್ಮಿಬ್ಬರ ದುಡಿಮೆ: ಅಂಗಡಿ ಸುತ್ತಿದ್ದು, ಫೋಟೋ ತೆಗೆದದ್ದು, ಪ್ಯಾಕ್ ಮಾಡಿದ್ದು, ಅಂಚೆ ಕಚೇರಿಯ ಸಾಲಿನಲ್ಲಿ ನಿಂತದ್ದು, ‘ಡಬ್ಬದ ಎಡಗಡೆ ಮೂಲೆಯ ಫೋಟೋ ಕಳಿಸಿ’ ಅನ್ನೋರಿಗೆ ಉತ್ತರ ಕೊಟ್ಟದ್ದು. ತುಂಬಾ ಕಮ್ಮಿ ಹಿಡಿದರೂ 300 ಗಂಟೆ. 2,654 ಡಾಲರ್ ಲಾಭವನ್ನು 300ರಿಂದ ಭಾಗಿಸಿದರೆ ಗಂಟೆಗೆ 8 ಡಾಲರ್ 85 ಸೆಂಟ್. ಒಹಾಯೊದಲ್ಲಿ 2023ರ ಕನಿಷ್ಠ ಕೂಲಿ ಗಂಟೆಗೆ 10 ಡಾಲರ್ 10 ಸೆಂಟ್. ಹೆಂಡತಿ ಈ ಲೆಕ್ಕ ನೋಡಿ, ‘ಅದೇ ಅಂಗಡೀಲಿ ಕ್ಯಾಷಿಯರ್ ಆಗಿದ್ರೆ ಡಿಸ್ಕೌಂಟೂ ಸಿಗೋದು’ ಅಂದಳು.

ಹಾಗಂತ ಇದರಲ್ಲಿ ದುಡ್ಡು ಮಾಡಿದವರಿಲ್ಲ ಅಂತಲ್ಲ. ಗೋದಾಮು ಇಟ್ಟು, ಸಗಟಾಗಿ ಕೊಂಡು, ಡಿಸೆಂಬರ್‌ವರೆಗೆ ಕೂರುವ ತಾಕತ್ತಿರುವವರು ಮಾಡ್ತಾರೆ. ನಾನು ಹೇಳ್ತಿರೋದು ಕ್ಲಾಸೆಟ್‌ನವರ ಕಥೆ.

ಡಬ್ಬಗಳು ಒಂದೊಂದಾಗಿ ಹೋಗ್ತಾ ಇದ್ದ ಆ ತಿಂಗಳುಗಳಲ್ಲಿ ಒಂದು ಯೋಚನೆ ಕಾಡಿತು. ನಾನು ಕ್ಲಾಸೆಟ್ಟನ್ನು ಅಟ್ಟ ಅಂದುಕೊಂಡಿದ್ದೇ ತಪ್ಪು. ಅಟ್ಟದ ಮೇಲೆ ಕಾಯಿ ಸುಮ್ಮನೆ ಕೂತಿರೋದಿಲ್ಲ, ಒಳಗೊಳಗೇ ಬದಲಾಗುತ್ತಿರುತ್ತೆ. ಹಸಿ ಕಾಯಿಯಾಗಿ ಹತ್ತಿದ್ದು ಕೊಬ್ಬರಿಯಾಗಿ ಇಳಿಯುತ್ತೆ. ಕಾದದ್ದಕ್ಕೆ ಅಲ್ಲೊಂದು ಪದಾರ್ಥ ಇದೆ. ಲೆಗೋ ಡಬ್ಬದೊಳಗೆ ಆರು ವರ್ಷದಲ್ಲಿ ಏನೂ ಆಗೋದಿಲ್ಲ. ಬೆಲೆ ಏರೋದು ಹೊರಗಿನವರೆಲ್ಲ ಆಡಿ, ಒಡೆದು, ಕಳೆದು ಮುಗಿಸಿದ್ದಾರೆ, ನಾನು ಮಾತ್ರ ಆಡಿಲ್ಲ ಅನ್ನೋ ಕಾರಣಕ್ಕೆ. ಸರಿಯಾಗಿ ನೋಡಿದರೆ ನಾನು ಮಾರುತ್ತಿದ್ದದ್ದು ನನ್ನ ಮಗಳು ಆಡದೆ ಬಿಟ್ಟ ಆಟವನ್ನು.

ಲೆಗೋ ಶುರುವಾದದ್ದು 1932ರಲ್ಲಿ, ಡೆನ್ಮಾರ್ಕಿನ ಬಿಲ್ಲುಂಡ್ ಅನ್ನೋ ಹಳ್ಳಿಯಲ್ಲಿ. ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಅನ್ನೋ ಬಡಗಿ, ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಇಲ್ಲದೆ ಮರದ ಆಟಿಕೆ ಮಾಡೋಕೆ ಕೂತವನು. ‘ಲೆಗ್ ಗಾಟ್’ ಅಂದರೆ ಡ್ಯಾನಿಷ್ ಭಾಷೆಯಲ್ಲಿ ‘ಚೆನ್ನಾಗಿ ಆಡು’, ಅದನ್ನೇ ಕತ್ತರಿಸಿ ಲೆಗೋ ಮಾಡಿದ. ಈಗಿನ ಪ್ಲಾಸ್ಟಿಕ್ ಇಟ್ಟಿಗೆಯ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆಗಿನ ಇಟ್ಟಿಗೆ ಇವತ್ತಿನ ಇಟ್ಟಿಗೆಗೆ ಸರಿಯಾಗಿ ಕೂರುತ್ತೆ. ಎರಡು ವರ್ಷದ ಹಿಂದಿನ ನಮ್ಮದೇ ಕೋಡ್ ಇವತ್ತಿನ ವರ್ಷನ್ನಿಗೆ ಹೊಂದಲ್ಲ! ಎಂಟು ಗುಬುಟಿನ ಒಂದೇ ಬಣ್ಣದ ಆರು ಇಟ್ಟಿಗೆ ಕೊಟ್ಟರೆ ಅವನ್ನು 91,51,03,765 ರೀತಿಯಲ್ಲಿ ಜೋಡಿಸಬಹುದು ಅಂತ ಗಣಿತದವರು ಲೆಕ್ಕ ಹಾಕಿದ್ದಾರೆ. ಬರೀ ಆರು ಇಟ್ಟಿಗೆಗೆ 91 ಕೋಟಿ ಚಿಲ್ಲರೆ. ಸೀಲ್ ಒಡೆಯದ ಡಬ್ಬದಲ್ಲಿ ಎರಡು ಸಾವಿರ ತುಣುಕಿದ್ದರೂ ಜೋಡಣೆ ಸೊನ್ನೆ.

ಉಳಿದ ಏಳರಲ್ಲಿ ಒಂದು ‘ಬ್ರಿಕ್ ಬ್ಯಾಂಕ್’. 2016ರ ಸೆಟ್ಟು, 2,380 ತುಣುಕು, ಕೆಳಗೆ ಬ್ಯಾಂಕು, ಪಕ್ಕದಲ್ಲಿ ಲಾಂಡ್ರಿ. 2023ರ ಡಿಸೆಂಬರ್, ರೇಟು ಚೆನ್ನಾಗಿದ್ದ ಒಂದು ಶನಿವಾರ, ಫೋಟೋ ತೆಗೆಯೋಕೆ ಅಂತ ಅದನ್ನು ಮೇಜಿನ ಮೇಲಿಟ್ಟೆ. ಮಗಳಿಗೆ ಆಗ ಎಂಟು. ಅವಳು ರೂಢಿಯಂತೆ ಎರಡು ಹೆಜ್ಜೆ ದೂರದಲ್ಲೇ ನಿಂತು, ಕೈ ಹಿಂದೆ ಕಟ್ಟಿಕೊಂಡು ಡಬ್ಬದ ಚಿತ್ರ ನೋಡುತ್ತಿದ್ದಳು. ಆ ಕೈ ಕಟ್ಟಿದ್ದನ್ನು ನಾನೇ ಕಲಿಸಿದ್ದು. ಅಂಗಡಿಯ ಆ ಹುಡುಗನೂ ಅಜ್ಜಿಯ ಪಕ್ಕ ಹೀಗೇ ನಿಂತಿದ್ದ.

‘ಒಡಿ ಪುಟ್ಟಿ,’ ಅಂದೆ.

‘ಸೀಲಾ?’

‘ಹೂಂ.’

ಅವಳು ನಂಬಲಿಲ್ಲ. ಅಮ್ಮನ ಮುಖ ನೋಡಿದಳು. ಕೊನೆಗೆ ನಾನೇ ಹೆಬ್ಬೆರಳು ಒತ್ತಿ ಮೊದಲ ಸೀಲು ಕಿತ್ತೆ. ಆ ಒಂದು ಕ್ಷಣಕ್ಕೆ ನೂರಿನ್ನೂರು ಡಾಲರ್ ಹೋಯಿತು ಅಂತ ತಲೆಯೊಳಗೆ ಲೆಕ್ಕ ಓಡಿತು, ಸುಳ್ಳು ಹೇಳಲ್ಲ. ಒಳಗಿಂದ ನಂಬರು ಹಾಕಿದ ಚೀಲಗಳು ಸುರಿದವು. ಕಟ್ಟೋಕೆ ನಾಲ್ಕು ವಾರಾಂತ್ಯ ಹಿಡಿಯಿತು. ಎರಡನೇ ವಾರ ಊರಿಗೆ ವಿಡಿಯೋ ಕಾಲ್ ಮಾಡಿ ತಾತನಿಗೆ ತೋರಿಸಿದಳು. ಅಪ್ಪ ಫೋನನ್ನು ಮುಖದ ಹತ್ತಿರ ಹಿಡಿದು ಮೇಜಿನ ತುಂಬ ಹರಡಿದ ಬಣ್ಣದ ಚೂರುಗಳನ್ನು ನೋಡಿದರು. ‘ಅಂತೂ ಕಾಯಿ ಒಡೆದ್ರಾ!’ ಅಂದರು.

ಉಳಿದ ಆರರಲ್ಲಿ ಎರಡನ್ನು ಇಲ್ಲಿನ ಲೈಬ್ರರಿಯವರು ಕ್ರಿಸ್‌ಮಸ್‌ಗೆ ಮಕ್ಕಳಿಗಾಗಿ ಆಟಿಕೆ ಸೇರಿಸುತ್ತಿದ್ದ ಪೆಟ್ಟಿಗೆಗೆ ಹಾಕಿ ಬಂದೆವು. ಅಂಗಡಿಯ ಆ ಹುಡುಗನಿಗೆ ತಲುಪಲಿಲ್ಲ ಅನ್ನೋದು ಗೊತ್ತು. ನಾಲ್ಕು ಇನ್ನೂ ಇವೆ, ಮಗಳ ಒಂದೊಂದು ಹುಟ್ಟುಹಬ್ಬಕ್ಕೆ ಒಂದೊಂದು. ಎಕ್ಸೆಲ್ ಶೀಟು ಅಳಿಸಿಲ್ಲ. ಸೀಲ್ ಆದ ಬ್ರಿಕ್ ಬ್ಯಾಂಕಿನ ಇವತ್ತಿನ ರೇಟು ಎಷ್ಟು ಅಂತ ಆಗಾಗ ನೋಡೋ ಚಟವೂ ಬಿಟ್ಟಿಲ್ಲ. ಅಪ್ಪನ ಮಗ ಅಲ್ವಾ.

ನಮ್ಮನೆಯ ಬ್ಯಾಂಕು ಮಾತ್ರ ಈಗ ಬ್ಯಾಂಕಾಗಿ ಉಳಿದಿಲ್ಲ. ಮಾಡು ಕಿತ್ತು ಅದನ್ನು ಕುದುರೆ ಲಾಯ ಮಾಡಿದ್ದಾಳೆ. ಕೌಂಟರಿನ ಮೇಲೆ ಹುಲ್ಲು, ತಿಜೋರಿ ಒಳಗೆ ಒಂದು ಬಿಳಿ ಕುದುರೆ ಮಲಗಿದೆ.